ಮನೆಯಲ್ಲಿ ಉಸಿರಿಗೆ ಆಸರೆ: ಆಕ್ಸಿಜನ್ ಮಷಿನ್ನೋ, ಬೈಪ್ಯಾಪೋ, ಎರಡೂ ಬೇಕೋ?

ಆಸ್ಪತ್ರೆಯಿಂದ ಬಿಡುಗಡೆ ಮಾಡುವ ದಿನ ಡಿಸ್ಚಾರ್ಜ್ ಚೀಟಿಯ ಕೊನೆಗೆ ಒಂದು ಸಾಲು ಬರೆದಿರುತ್ತಾರೆ. "ಮನೆಯಲ್ಲಿ ಆಕ್ಸಿಜನ್, ನಿಮಿಷಕ್ಕೆ 2 ಲೀಟರ್" ಅಂತಲೋ, "ರಾತ್ರಿ ಬೈಪ್ಯಾಪ್" ಅಂತಲೋ. ಸಂಜೆಯೊಳಗೆ ಮಷಿನ್ ಮನೆಗೆ ಬರಬೇಕು. ದಾವಣಗೆರೆಯ ಒಂದು ಅಂಗಡಿಯವರು ಫೋನಿನಲ್ಲಿ ಐದು ಲೀಟರಿನದು ಸಾಕು ಅನ್ನುತ್ತಾರೆ, ಇನ್ನೊಬ್ಬರು ಹತ್ತು ಲೀಟರಿನದೇ ಒಯ್ಯಿರಿ ಅನ್ನುತ್ತಾರೆ, ಪಕ್ಕದ ಮನೆಯವರು 2021ರ ಕೋವಿಡ್ ಕಾಲದ ಮಷಿನ್ ಅಟ್ಟದ ಮೇಲಿದೆ, ಒಯ್ಯಿರಿ ಅನ್ನುತ್ತಾರೆ. ಯಾವುದು ತಂದರೂ ಗಾಳಿ ಬರುತ್ತದಲ್ಲ ಅನ್ನಿಸುವುದು ಸಹಜ. ಆದರೆ ಈ ಮಷಿನ್‌ಗಳು ಮಾಡುವ ಕೆಲಸವೇ ಬೇರೆ ಬೇರೆ. ಆಕ್ಸಿಜನ್ ಮಷಿನ್ ಆಕ್ಸಿಜನ್ ಕೊಡುತ್ತದೆ, ಬೈಪ್ಯಾಪ್ ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಡದಿಂದ ಎದೆಗೆ ನೂಕುತ್ತದೆ. ತಪ್ಪಾಗಿ ಆರಿಸಿದರೆ ದುಡ್ಡು ಹೋಗುವುದಷ್ಟೇ ಅಲ್ಲ, ಕೆಲವರಿಗೆ ಅಪಾಯವೂ ಉಂಟು.

ಮೊದಲು ರಕ್ತದ ಲೆಕ್ಕ ನೋಡಿ

ದೀರ್ಘಕಾಲದ ಉಸಿರಾಟದ ವೈಫಲ್ಯದಲ್ಲಿ ಎರಡು ಬಗೆ. ಒಂದರಲ್ಲಿ ರಕ್ತಕ್ಕೆ ಆಕ್ಸಿಜನ್ ಸಾಲುವುದಿಲ್ಲ. ಇನ್ನೊಂದರಲ್ಲಿ ಅದರ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ಮೊದಲನೆಯದಕ್ಕೆ ಆಕ್ಸಿಜನ್ ಕೊಟ್ಟರೆ ಸಾಕು. ಎರಡನೆಯದರಲ್ಲಿ ಎದೆಯ ಸ್ನಾಯುಗಳು ಸೋತಿರುತ್ತವೆ, ಗಾಳಿಯನ್ನು ಒಳಗೆ ನೂಕಿ ಹೊರಗೆ ಬಿಡಿಸುವ ಆಸರೆ ಬೇಕು. ಒಲೆಯಲ್ಲಿ ಸೌದೆ ಸಾಕಷ್ಟಿದ್ದು ಹೊಗೆಗೂಡು ಕಟ್ಟಿಕೊಂಡಿದ್ದರೆ ಇನ್ನಷ್ಟು ಸೌದೆ ಒಟ್ಟಿ ಏನೂ ಪ್ರಯೋಜನವಿಲ್ಲ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ಎರಡನೆಯದನ್ನು ನೋಡಲಾರದು. ಆಕ್ಸಿಜನ್ ಕೊಡುತ್ತಿರುವಾಗಲಂತೂ 95 ತೋರಿಸುತ್ತ, ರೋಗಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರಿಗೆ ಜಾರುತ್ತಿರಬಹುದು. ಇನ್ನೊಂದು ವಿಷಯ: ಕಪ್ಪು ಮೈಬಣ್ಣದವರಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಒಂದೆರಡು ಅಂಕ ಹೆಚ್ಚು ತೋರಿಸುವುದುಂಟು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಓದು ಇನ್ನೂ ಕೆಡುತ್ತದೆ.

ಹಾಗಾಗಿ ಕೇಳಬೇಕಾದ ಪರೀಕ್ಷೆ ಎಬಿಜಿ, ಅಂದರೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವುದು. ಆ ಕಾಗದದಲ್ಲಿ ಮೂರು ಅಂಕಿ ನೋಡಿ: ಪಿಹೆಚ್ (ರಕ್ತದ ಆಮ್ಲತೆ), ಆಕ್ಸಿಜನ್ ಒತ್ತಡ, ಕಾರ್ಬನ್ ಡೈಆಕ್ಸೈಡ್ ಒತ್ತಡ. ಕೊನೆಯದು 35ರಿಂದ 45ರೊಳಗೆ ಇರಬೇಕು. ರೋಗಿ ಸ್ಥಿಮಿತದಲ್ಲಿದ್ದಾಗಲೂ ಅದು 52 ದಾಟಿದ್ದರೆ ಆಕ್ಸಿಜನ್ ಮಷಿನ್ ಒಂದನ್ನೇ ಒಯ್ಯುವ ಮುಂಚೆ ವೈದ್ಯರನ್ನು ಬೈಪ್ಯಾಪ್ ಬಗ್ಗೆ ಕೇಳಲೇಬೇಕು. ದಾವಣಗೆರೆಯ ಜೆಜೆಎಂ ಮತ್ತು ಎಸ್.ಎಸ್. ವೈದ್ಯಕೀಯ ಕಾಲೇಜು, ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜಿನಂಥ ಕಡೆ ಶ್ವಾಸಕೋಶ ತಜ್ಞರು ಸಿಗುತ್ತಾರೆ. ಹೊಸದುರ್ಗ, ಮೊಳಕಾಲ್ಮೂರು, ಜಗಳೂರು ಕಡೆಯವರು ಈ ಒಂದು ಪರೀಕ್ಷೆಗಾದರೂ ಬಸ್ಸು ಹತ್ತುವುದು ವಾಸಿ.

ಮನೆಯವರ ಕಣ್ಣಿಗೆ ಬೀಳುವ ಗುರುತುಗಳೂ ಇವೆ. ಬೆಳಗ್ಗೆ ಏಳುವಾಗ ತಲೆನೋವು, ಮಾತಾಡುತ್ತಿದ್ದಂತೆ ತೂಕಡಿಕೆ, ಹಗಲು ರಾತ್ರಿ ಅದಲುಬದಲಾಗುವುದು, ಕೈ ಚಾಚಿದರೆ ಪಟಪಟ ಅದುರುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು. "ವಯಸ್ಸಾಯ್ತು, ನಿದ್ದೆ ಜಾಸ್ತಿ" ಎಂದು ತಳ್ಳಿಹಾಕುವ ತೂಕಡಿಕೆಯಲ್ಲಿ ಎಷ್ಟೋ ಸಲ ಕಾರ್ಬನ್ ಡೈಆಕ್ಸೈಡ್ ಅಡಗಿರುತ್ತದೆ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿದ್ದಾಗಿನ ಅಂಕಿ ಕಾಯಿಲೆ ಕೆರಳಿದ ಹೊತ್ತಿನದು. ಎರಡು ಮೂರು ವಾರ ಕಳೆದರೆ ಅದು ಬದಲಾಗಬಹುದು. ಅದಕ್ಕೇ ಮೊದಲ ಎರಡು ಮೂರು ತಿಂಗಳಿಗೆ ಮಷಿನ್ ಬಾಡಿಗೆಗೆ ತನ್ನಿ. ಮತ್ತೆ ಪರೀಕ್ಷೆ ಮಾಡಿಸಿ, ಬೇಕೇ ಬೇಕು ಎಂದಾದ ಮೇಲೆ ಕೊಳ್ಳಿ.

ಆಕ್ಸಿಜನ್: ಯಾರ ಆಯಸ್ಸು ಹೆಚ್ಚಿತು, ಯಾರದ್ದು ಇಲ್ಲ

ನಮ್ಮ ಕಡೆ ಸಿಒಪಿಡಿಗೆ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆಗೆ, ಬೀಡಿ ಒಂದು ಕಾರಣ, ಸೌದೆ ಒಲೆಯ ಹೊಗೆ ಇನ್ನೊಂದು. ಒಂದು ಬೀಡಿಯೂ ಸೇದದ ಅಜ್ಜಿಯರಿಗೆ ಸಿಒಪಿಡಿ ಬರುವುದು ಆ ಒಲೆಯಿಂದ. ದಾವಣಗೆರೆಯ ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ, ಮೆಕ್ಕೆಜೋಳದ ದೂಳು, ಚಿತ್ರದುರ್ಗದ ಅದಿರು ಗಣಿಗಳ ದೂಳು ಎಲ್ಲ ಎದೆಗೆ ಭಾರ ಕೂಡಿಸುತ್ತವೆ. ಹಳೆಯ ಕ್ಷಯ ಅರ್ಧ ಶ್ವಾಸಕೋಶವನ್ನು ಹಾಳು ಮಾಡಿಟ್ಟಿರುವುದೂ ಇಲ್ಲಿ ಅಪರೂಪವಲ್ಲ.

ಸಿಒಪಿಡಿಯಲ್ಲಿ ಮನೆ ಆಕ್ಸಿಜನ್ ಆಯಸ್ಸು ಹೆಚ್ಚಿಸುತ್ತದೆ ಎಂಬ ಮಾತಿಗೆ ಆಧಾರ ಎರಡು ಹಳೆಯ ಅಧ್ಯಯನಗಳು. 1980ರಲ್ಲಿ ಅಮೆರಿಕದ್ದು: 203 ರೋಗಿಗಳಲ್ಲಿ ರಾತ್ರಿ ಮಾತ್ರ ಆಕ್ಸಿಜನ್ ಪಡೆದವರಲ್ಲಿ ಸಾವು, ಹಗಲೂ ರಾತ್ರಿ ಪಡೆದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. 1981ರಲ್ಲಿ ಬ್ರಿಟನ್ನಿನದು: ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದ 42 ಜನರಲ್ಲಿ ಐದು ವರ್ಷದಲ್ಲಿ 19 ಮಂದಿ ತೀರಿಕೊಂಡರು, ಏನೂ ಪಡೆಯದ 45 ಜನರಲ್ಲಿ 30 ಮಂದಿ. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಲಾಭ ನಿಜ. ಆಕ್ಸಿಜನ್ ಇದ್ದೂ ಹತ್ತಿರ ಹತ್ತಿರ ಅರ್ಧ ಜನ ಉಳಿಯಲಿಲ್ಲ ಎಂಬುದೂ ನಿಜ. ಅದೇ ಬ್ರಿಟನ್ ಅಧ್ಯಯನದಲ್ಲಿ ಗಂಡಸರ ಪೈಕಿ ಮೊದಲ 500 ದಿನ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. "ತಿಂಗಳು ಹಾಕಿದ್ವಿ, ಏನೂ ಗುಣ ಕಾಣಲಿಲ್ಲ" ಎಂದು ಮಷಿನ್ ಬದಿಗಿಡುವವರು ಇದನ್ನು ನೆನಪಿಡಬೇಕು. ಈ ಆಕ್ಸಿಜನ್ ಹೃದಯದ ಬಲಭಾಗವನ್ನು ಕಾಯುತ್ತದೆ, ರಕ್ತ ಮಂದವಾಗದಂತೆ ನೋಡುತ್ತದೆ. ಆ ಲಾಭ ಮೈಗೆ ತಿಳಿಯುವಂಥದ್ದಲ್ಲ.

ಯಾರಿಗೆ ಈ ಲಾಭ? ಕೂತು ವಿಶ್ರಾಂತಿಯಲ್ಲಿರುವಾಗ ಆಕ್ಸಿಜನ್ ಒತ್ತಡ 55 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ. ಆಕ್ಸಿಮೀಟರಿನ ಲೆಕ್ಕದಲ್ಲಿ 88 ಅಥವಾ ಅದಕ್ಕಿಂತ ಕಡಿಮೆ, ಅದೂ ಮೂರು ವಾರದೊಳಗೆ ಎರಡು ಸಲ ನೋಡಿ ಖಚಿತವಾದ ಮೇಲೆ. ಕಾಲು ಬಾವು, ಶ್ವಾಸಕೋಶದ ರಕ್ತನಾಳದ ಒತ್ತಡ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇಕಡಾ 55 ದಾಟಿದ ರಕ್ತ ಇವು ಇದ್ದರೆ ಆಕ್ಸಿಜನ್ ಒತ್ತಡ 60ರವರೆಗೂ ಕೊಡುತ್ತಾರೆ. ಅದಕ್ಕಿಂತ ಮೇಲಿದ್ದವರಿಗೆ? 2016ರಲ್ಲಿ ಅಮೆರಿಕದಲ್ಲಿ 738 ಜನರ ಮೇಲೆ ಇದನ್ನೇ ನೋಡಿದರು. ಕೂತಾಗ ಆಕ್ಸಿಮೀಟರಿನಲ್ಲಿ 89ರಿಂದ 93ರ ನಡುವೆ ಇದ್ದವರಿಗೆ, ಅಥವಾ ನಡೆದಾಗ ಮಾತ್ರ ಇಳಿಯುತ್ತಿದ್ದವರಿಗೆ ಆಕ್ಸಿಜನ್ ಕೊಟ್ಟರೂ ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ದಮ್ಮು ಹತ್ತುತ್ತದೆ ಎಂಬ ಒಂದೇ ಕಾರಣಕ್ಕೆ, 92 ಇರುವಾಗಲೇ ಮಷಿನ್ ಕೊಳ್ಳುವವರು ಇನ್‌ಹೇಲರ್ ಸರಿಯಾಗಿ ಎಳೆಯುವುದನ್ನು ಕಲಿತು, ನಡಿಗೆಯ ಅಭ್ಯಾಸ ಮಾಡಿದರೆ ಹೆಚ್ಚು ಉಪಯೋಗ.

ಎಷ್ಟು ಗಂಟೆ? 15ಕ್ಕೆ ಕಡಿಮೆ ಆದರೆ ಲಾಭ ಕೈತಪ್ಪುತ್ತದೆ. ಹಾಗಂತ ಇಡೀ 24 ಗಂಟೆ ಮೂಗಿಗೆ ಕಟ್ಟಿಕೊಂಡಿರಬೇಕಿಲ್ಲ. 2024ರಲ್ಲಿ ಸ್ವೀಡನ್ನಿನಿಂದ ಬಂದ ಅಧ್ಯಯನದಲ್ಲಿ 24 ಗಂಟೆಯವರಿಗೂ 15 ಗಂಟೆಯವರಿಗೂ ಒಂದು ವರ್ಷದಲ್ಲಿ ಸಾವು, ಆಸ್ಪತ್ರೆ ಎರಡರಲ್ಲೂ ವ್ಯತ್ಯಾಸ ಬರಲಿಲ್ಲ. ರಾತ್ರಿ ಪೂರ್ತಿ, ಮಧ್ಯಾಹ್ನದ ನಿದ್ದೆ, ಟಿವಿ ಮುಂದೆ ಕೂತಾಗ ಹಾಕಿದರೆ 15 ಆಗಿಬಿಡುತ್ತದೆ. ಬೆಳಗ್ಗೆ ಕಟ್ಟೆ ಮೇಲೆ ಕೂತು ನಾಲ್ಕು ಜನರ ಜೊತೆ ಮಾತಾಡುವುದನ್ನು ಅವರಿಂದ ಕಿತ್ತುಕೊಳ್ಳಬೇಡಿ.

ಆಕ್ಸಿಮೀಟರಿನಲ್ಲಿ ಗುರಿ 88ರಿಂದ 92. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ನಿಲ್ಲುವವರಲ್ಲಿ 98 ತರಬೇಕೆಂದು ಗುಂಡಿ ತಿರುಗಿಸಿ 1 ಲೀಟರ್ ಇದ್ದದ್ದನ್ನು 4 ಮಾಡುವುದು ಈ ಇಡೀ ವಿಷಯದಲ್ಲಿ ಮನೆಯವರು ಮಾಡುವ ಅತಿ ಅಪಾಯದ ಕೆಲಸ. ಪ್ರೀತಿಯಿಂದಲೇ ಮಾಡುತ್ತಾರೆ. ರೋಗಿ ಮೊದಲು ಹಾಯಾಗಿ ಮಲಗಿದಂತೆ ಕಾಣುತ್ತಾರೆ, ಆಮೇಲೆ ಎಬ್ಬಿಸಿದರೂ ಏಳುವುದಿಲ್ಲ. ವೈದ್ಯರು ಹೇಳಿದ ಲೀಟರನ್ನು ಮಷಿನ್ ಮೇಲೆ ಟೇಪ್ ಅಂಟಿಸಿ ಬರೆದಿಡಿ.

ಕಾನ್ಸಂಟ್ರೇಟರೋ, ಸಿಲಿಂಡರೋ

ಕಾನ್ಸಂಟ್ರೇಟರ್ ಎಂದರೆ ಕೋಣೆಯ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕರೆಂಟಿನ ಮಷಿನ್, ಮೇಲೆ ಆಕ್ಸಿಜನ್ ಮಷಿನ್ ಎಂದದ್ದು ಇದನ್ನೇ. ದಿನಕ್ಕೆ 15 ಗಂಟೆ ಬೇಕಾದವರಿಗೆ ಸಿಲಿಂಡರ್ ಒಂದನ್ನೇ ನಂಬಿ ನಡೆಯಲಾಗದು. ಲೆಕ್ಕ ಸುಲಭ: ಸಿಲಿಂಡರಿನ ನೀರಿನ ಅಳತೆಯನ್ನು ಒತ್ತಡದಿಂದ ಗುಣಿಸಿ. 10 ಲೀಟರಿನ ಬಿ ಟೈಪ್ ಸಿಲಿಂಡರ್ 150 ಬಾರ್ ತುಂಬಿದ್ದರೆ 1500 ಲೀಟರ್ ಗಾಳಿ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡೂವರೆ ಗಂಟೆ. ಜಂಬೋ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್, ಅಂದರೆ ಎರಡು ದಿನದ ಮೇಲೆ ಸ್ವಲ್ಪ. ಗೇಜು 75ಕ್ಕೆ ಬಂದರೆ ಅರ್ಧ ಖಾಲಿ ಎಂದರ್ಥ. ಆದ್ದರಿಂದ ಸಿಲಿಂಡರ್ ಕರೆಂಟ್ ಹೋದಾಗಿನ ಆಪತ್ತಿಗೆ, ಕಾನ್ಸಂಟ್ರೇಟರ್ ದಿನದ ಬಳಕೆಗೆ. ಒಂದು ಬಿ ಟೈಪ್ ಸಿಲಿಂಡರ್, ರೆಗ್ಯುಲೇಟರ್ ಮತ್ತು ಕೀ ಸಮೇತ, ಗೋಡೆಗೆ ಸರಪಳಿ ಕಟ್ಟಿ ನಿಲ್ಲಿಸಿಟ್ಟಿರಬೇಕು. ಕೀ ಎಲ್ಲಿದೆ ಎಂದು ಕತ್ತಲಲ್ಲಿ ಹುಡುಕುವ ಪಾಡು ಬರಬಾರದು, ಸಿಲಿಂಡರಿಗೇ ದಾರದಲ್ಲಿ ಕಟ್ಟಿಡಿ. ರೆಗ್ಯುಲೇಟರ್ ಬಿಗಿಯಾಗಿದೆ ಎಂದು ಎಣ್ಣೆ ಹಾಕಿದರೆ ಬೆಂಕಿ ಹತ್ತಬಹುದು. ಒಂದು ಹನಿಯೂ ಬೇಡ.

ಕಾನ್ಸಂಟ್ರೇಟರ್ ಕೊಳ್ಳುವಾಗ ಲೀಟರ್ ಸಂಖ್ಯೆಯೊಂದನ್ನೇ ನೋಡಬೇಡಿ. ಆ ಲೀಟರಿನಲ್ಲಿ ಶುದ್ಧತೆ ಎಷ್ಟು ಎಂದು ಕೇಳಿ. ಒಳ್ಳೆಯ 5 ಲೀಟರ್ ಮಷಿನ್ ಪೂರ್ತಿ 5ರಲ್ಲೂ 93 ಶೇಕಡಾ, ಮೂರು ಹೆಚ್ಚು ಕಡಿಮೆ, ಕೊಡುತ್ತದೆ. "1ರಿಂದ 7 ಲೀಟರ್" ಎಂದು ಬರೆದ ಅಗ್ಗದ ಪುಟ್ಟ ಪೆಟ್ಟಿಗೆಗಳು 1 ಲೀಟರಿನಲ್ಲಿ 90 ಕೊಟ್ಟು, ಗುಂಡಿ ಏರಿಸಿದಂತೆ 30, 40ಕ್ಕೆ ಇಳಿಯುತ್ತವೆ. ಅಟ್ಟದ ಮೇಲಿನ ಕೋವಿಡ್ ಕಾಲದ ಮಷಿನ್‌ನಲ್ಲಿ ಇನ್ನೊಂದು ತೊಡಕು: ಗಾಳಿಯ ನೈಟ್ರೋಜನ್ ಹೀರಿ ಆಕ್ಸಿಜನ್ ಉಳಿಸುವ ಒಳಗಿನ ಜಿಯೋಲೈಟ್ ಹರಳು ವರ್ಷಗಟ್ಟಲೆ ಬಳಸದೆ ಇಟ್ಟರೆ ತೇವ ಹೀರಿ ಸತ್ತಿರುತ್ತದೆ. ಮೋಟಾರು ಗುಯ್ ಎನ್ನುತ್ತದೆ, ಗಾಳಿಯೂ ಬರುತ್ತದೆ, ಅದು ಬರೀ ಗಾಳಿ. ಸರ್ವಿಸಿನವರ ಬಳಿ ಆಕ್ಸಿಜನ್ ಅನಲೈಜರ್ ಇರುತ್ತದೆ. ಅದರಲ್ಲಿ ಅರ್ಧ ಗಂಟೆ ಓಡಿಸಿ ನೋಡದೆ ಹಳೆಯ ಮಷಿನ್ ರೋಗಿಗೆ ಹಾಕಬೇಡಿ.

2 ಲೀಟರ್ ಬೇಕಾದ ಸಿಒಪಿಡಿ ರೋಗಿಗೆ 5 ಲೀಟರ್ ಮಷಿನ್ ಧಾರಾಳ. 10 ಲೀಟರಿನದು ಬೇಕಾಗುವುದು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯವರಿಗೆ. ಅವರಿಗೆ ನಾಲ್ಕು ಹೆಜ್ಜೆ ನಡೆದರೆ ಬೇಡಿಕೆ ಎರಡು ಮೂರು ಪಟ್ಟಾಗುತ್ತದೆ.

ಕರೆಂಟಿನ ಲೆಕ್ಕ ಯಾರೂ ಮೊದಲು ಹೇಳುವುದಿಲ್ಲ. 5 ಲೀಟರ್ ಮಷಿನ್ ಸುಮಾರು 350 ವ್ಯಾಟ್ ಎಳೆಯುತ್ತದೆ. 15 ಗಂಟೆಗೆ ಐದು ಕಾಲು ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 157 ಯೂನಿಟ್. ಮನೆಯ ಉಳಿದ ಬಳಕೆ ಸೇರಿದರೆ ಗೃಹಜ್ಯೋತಿಯ 200 ಯೂನಿಟ್ ಗೆರೆ ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಗೆರೆ ದಾಟದಿದ್ದರೂ ನಿಮ್ಮ ಹಳೆಯ ಸರಾಸರಿಯ ಮೇಲೆ ನಿಗದಿಯಾದ ಅರ್ಹ ಯೂನಿಟ್‌ಗಿಂತ ಹೆಚ್ಚಾದದ್ದಕ್ಕೆ ಹಣ ಕೊಡಬೇಕು. ಬಾಡಿಗೆ ಎಷ್ಟು ಎಂದು ಕೇಳುವಾಗ ಇದನ್ನೂ ಸೇರಿಸಿಕೊಳ್ಳಿ.

ಯುಪಿಎಸ್ ಇದೆ, ಕರೆಂಟ್ ಹೋದರೇನು ಅನ್ನುವವರಿಗೆ: 150 ಎಎಚ್ ಬ್ಯಾಟರಿ ಒಂದಿದ್ದರೆ ಕಾನ್ಸಂಟ್ರೇಟರ್ ಮೂರು ಗಂಟೆ ಓಡಿದರೆ ಹೆಚ್ಚು, ಅದೂ ಬ್ಯಾಟರಿ ಹೊಸದಿದ್ದರೆ. ಊರೊಳಗಿನ ಮನೆಗೂ ತೋಟದ ಮನೆಗೂ ಇಲ್ಲಿ ಕರೆಂಟಿನ ಕಥೆ ಬೇರೆ. ಪಂಪ್‌ಸೆಟ್ ಲೈನಿನ ಮೇಲಿರುವ ತೋಟದ ಮನೆಯಲ್ಲಿ ರಾತ್ರಿಯಿಡೀ ಮಷಿನ್ ಓಡುತ್ತದೆಂದು ನಂಬಬೇಡಿ. ರೋಗಿಯನ್ನು ಊರೊಳಗಿನ ಮಗನದೋ ತಮ್ಮನದೋ ಮನೆಗೆ ಕರೆತರುವುದು ಎಷ್ಟೋ ಸಲ ಮಷಿನ್ ಬದಲಿಸುವುದಕ್ಕಿಂತ ಒಳ್ಳೆಯ ತೀರ್ಮಾನ. ವೋಲ್ಟೇಜ್ ಏರಿಳಿಯುವ ಕಡೆ ಸ್ಟೆಬಿಲೈಜರ್ ಕಡ್ಡಾಯ. ಬೆಸ್ಕಾಂ ದೂರಿಗೆ 1912.

ಮಷಿನ್ ಗೋಡೆಯಿಂದ ಒಂದು ಅಡಿ ದೂರ ಇರಲಿ, ಅಡುಗೆಮನೆಯಲ್ಲಿ ಬೇಡ. ಹಿಂದಿನ ಸ್ಪಂಜ್ ಫಿಲ್ಟರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಗಿರಣಿ, ಭಟ್ಟಿ ಹತ್ತಿರದ ಮನೆಯಾದರೆ ಮೂರು ದಿನಕ್ಕೊಮ್ಮೆ. ಗಾಳಿಗೆ ತೇವ ಕೊಡುವ ಬಾಟಲಿಗೆ ಬೋರ್‌ವೆಲ್ ನೀರು ಹಾಕಿದರೆ ಬಿಳಿ ಗಟ್ಟಿ ಕಟ್ಟಿ ರಂಧ್ರ ಮುಚ್ಚುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ, ದಿನಾ ಬದಲಿಸಿ. 4 ಲೀಟರಿಗಿಂತ ಕಡಿಮೆ ಇರುವವರಿಗೆ ಬಾಟಲಿ ಇಲ್ಲದಿದ್ದರೂ ನಡೆಯುತ್ತದೆ. ಗಾಳಿ ಬರುತ್ತಿದೆಯೇ ಎಂಬ ಸಂದೇಹ ಬಂದರೆ ಮೂಗಿನ ನಳಿಗೆಯ ತುದಿಯನ್ನು ಲೋಟದ ನೀರಲ್ಲಿ ಅದ್ದಿ. ಗುಳ್ಳೆ ಬರದಿದ್ದರೆ ಪೈಪ್ ಎಲ್ಲೋ ಮಡಚಿದೆ, ಇಲ್ಲವೇ ಬಾಟಲಿಯ ಮುಚ್ಚಳ ಸಡಿಲ.

ಬೆಂಕಿಯ ವಿಷಯ ಮತ್ತೆ ಹೇಳಬೇಕು. ಆಕ್ಸಿಜನ್ ಹರಿಯುವ ಕೋಣೆಯಲ್ಲಿ ಬೀಡಿ, ದೀಪ, ಊದುಬತ್ತಿ, ಕರ್ಪೂರ ಯಾವುದೂ ಸಲ್ಲದು. ದೇವರ ಗೂಡು ಅದೇ ಕೋಣೆಯಲ್ಲಿದ್ದರೆ ರೋಗಿಯ ಮಂಚ ಬೇರೆ ಕಡೆ ಹೋಗಲಿ. ಮೂಗು ಒಣಗುತ್ತದೆ ಎಂದು ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಬೇಡಿ, ನೀರಿನಂಶದ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ.

ಬೈಪ್ಯಾಪ್: ಸರಿಯಾದ ರೋಗಿ, ಸರಿಯಾದ ಒತ್ತಡ, ಸರಿಯಾದ ವೇಳೆ

ಬೈಪ್ಯಾಪ್ ಮಾಸ್ಕಿನ ಮೂಲಕ ಎರಡು ಒತ್ತಡ ಕೊಡುತ್ತದೆ. ಉಸಿರು ಎಳೆದಾಗ ಹೆಚ್ಚು, ಬಿಟ್ಟಾಗ ಕಡಿಮೆ. ಸೋತ ಸ್ನಾಯುಗಳ ಕೆಲಸವನ್ನು ರಾತ್ರಿ ತಾನು ಹೊತ್ತು, ಹಗಲಿಗೂ ಕಾರ್ಬನ್ ಡೈಆಕ್ಸೈಡ್ ಇಳಿಸುತ್ತದೆ.

ಸಿಒಪಿಡಿಯಲ್ಲಿ ಇದರ ಚರಿತ್ರೆ ಸ್ವಲ್ಪ ಸುತ್ತು ಬಳಸಿದ್ದು, ಆದರೆ ಆ ಸುತ್ತಿನಲ್ಲೇ ನಮಗೆ ಬೇಕಾದ ಉತ್ತರ ಇದೆ. 2014ರಲ್ಲಿ ಜರ್ಮನಿ, ಆಸ್ಟ್ರಿಯಾದ 195 ರೋಗಿಗಳ ಅಧ್ಯಯನ ಬಂತು. ಎಲ್ಲರೂ ಸ್ಥಿಮಿತದಲ್ಲಿದ್ದವರು, ಕಾರ್ಬನ್ ಡೈಆಕ್ಸೈಡ್ 52ರ ಆಸುಪಾಸು ಅಥವಾ ಮೇಲೆ. ಬೈಪ್ಯಾಪ್ ಬಳಸಿದವರಲ್ಲಿ ಒಂದು ವರ್ಷದಲ್ಲಿ 12 ಶೇಕಡಾ ಸಾವು, ಬಳಸದವರಲ್ಲಿ 33. ಅದೇ ವರ್ಷ ನೆದರ್ಲೆಂಡ್ಸಿನಿಂದ ಬಂದ ಇನ್ನೊಂದರಲ್ಲಿ ಲಾಭವೇ ಇಲ್ಲ! ವ್ಯತ್ಯಾಸ ಏನು? ನೆದರ್ಲೆಂಡ್ಸಿನಲ್ಲಿ ಕಾಯಿಲೆ ಕೆರಳಿ ಆಸ್ಪತ್ರೆ ಸೇರಿದ್ದ ಹೊತ್ತಿಗೇ ಶುರು ಮಾಡಿದ್ದರು. ಅಂಥವರಲ್ಲಿ ಹಲವರಿಗೆ ತಾನಾಗೇ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅವರಿಗೆ ಮಷಿನ್ ಬೇಕೇ ಇರಲಿಲ್ಲ. 2017ರಲ್ಲಿ ಬ್ರಿಟನ್ನಿನವರು ಎರಡರಿಂದ ನಾಲ್ಕು ವಾರ ಕಾದು, ಆಗಲೂ 53ರ ಮೇಲಿದ್ದ 116 ಜನರನ್ನು ಆರಿಸಿಕೊಂಡರು. ಬರೀ ಆಕ್ಸಿಜನ್ ಇದ್ದವರು ಮತ್ತೆ ಆಸ್ಪತ್ರೆ ಸೇರುವುದಕ್ಕೋ ಸಾಯುವುದಕ್ಕೋ ಮಧ್ಯಮ ಅಂದಾಜಿನಲ್ಲಿ 1.4 ತಿಂಗಳು ಹಿಡಿದರೆ, ಆಕ್ಸಿಜನ್ ಜೊತೆ ಬೈಪ್ಯಾಪ್ ಇದ್ದವರಿಗೆ 4.3 ತಿಂಗಳು. ಡಿಸ್ಚಾರ್ಜ್ ದಿನವೇ ಅವಸರದಲ್ಲಿ ಕೊಳ್ಳಬೇಡಿ, ಮತ್ತೆ ಎಬಿಜಿ ಮಾಡಿಸಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಆದರೆ ಪದೇ ಪದೇ ಇದೇ ಕಾರಣಕ್ಕೆ ಐಸಿಯು ಸೇರುವವರಿಗೆ, ಸ್ನಾಯು ಕಾಯಿಲೆಯವರಿಗೆ, ಗೂನು ಬೆನ್ನಿನವರಿಗೆ ಈ ಕಾಯುವಿಕೆ ಅನ್ವಯಿಸದು. ಅವರು ಮಷಿನ್ ಸಮೇತವೇ ಮನೆಗೆ ಬರಬೇಕು.

ಒತ್ತಡದ ಮಾತು. ಬ್ರಿಟನ್ನಿನ ಆ ಅಧ್ಯಯನದಲ್ಲಿ ಒಳ ಒತ್ತಡ 24, ಹೊರ ಒತ್ತಡ 4, ನಿಮಿಷಕ್ಕೆ 14 ಉಸಿರಿನ ಆಸುಪಾಸು ಇಟ್ಟಿದ್ದರು. ಇಲ್ಲಿ ಎಷ್ಟೋ ಮಷಿನ್ 12ಕ್ಕೆ 6 ಇಟ್ಟೇ ಮನೆಗೆ ಬರುತ್ತದೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆ ಆರು ಅಂಕದ ಅಂತರದಲ್ಲಿ ಸಿಒಪಿಡಿಯ ಕಾರ್ಬನ್ ಡೈಆಕ್ಸೈಡ್ ಇಳಿಯುವುದು ಕಷ್ಟ. ಮೊದಲ ದಿನವೇ 24 ಕೊಟ್ಟರೆ ಯಾರೂ ತಡೆಯಲಾರರು, ಅದೂ ಸರಿ. ಕಡಿಮೆಯಿಂದ ಶುರು ಮಾಡಿ ದಿನೇ ದಿನೇ ಏರಿಸಬೇಕು. ಏರಿಸುವುದು ವೈದ್ಯರ ಕೆಲಸ, ಅಂಗಡಿಯವರದಲ್ಲ, ಮನೆಯವರದೂ ಅಲ್ಲ. ಮುಂದಿನ ಭೇಟಿಯಲ್ಲಿ "ಒತ್ತಡ ಏರಿಸುವುದಿದೆಯಾ ಸಾರ್" ಎಂದು ಕೇಳುವುದು ನಿಮ್ಮ ಕೆಲಸ.

ಬೈಪ್ಯಾಪಿನಿಂದ ಹೆಚ್ಚು ಪಡೆಯುವವರು ಸಿಒಪಿಡಿಯವರಲ್ಲ. ಸ್ವೀಡನ್ನಿನ ದಾಖಲೆಗಳಲ್ಲಿ ಗೂನು ಬೆನ್ನಿನವರೂ, ಹಳೆಯ ಕ್ಷಯದಿಂದ ಎದೆ ಕುಗ್ಗಿದವರೂ ಬರೀ ಆಕ್ಸಿಜನ್‌ನಲ್ಲಿದ್ದವರಿಗಿಂತ ಮನೆ ವೆಂಟಿಲೇಟರಿನಲ್ಲಿ ಹೆಚ್ಚು ಕಾಲ ಬಾಳಿದರು. ಡುಶೇನ್ ಸ್ನಾಯುಕ್ಷಯದ ಹುಡುಗರ ಬಗ್ಗೆ 1998ರಲ್ಲಿ ಲಂಡನ್ನಿನಿಂದ ಬಂದ ವರದಿಯಲ್ಲಿ, ಮಾಸ್ಕ್ ಶುರು ಮಾಡಿದ ಮೇಲೆ ಐದು ವರ್ಷ ಬದುಕಿದವರು 73 ಶೇಕಡಾ. ಆಸರೆ ಇಲ್ಲದಿದ್ದರೆ ಆ ಹಂತದಲ್ಲಿ ಒಂದು ವರ್ಷ ದಾಟುವುದೇ ಕಷ್ಟವಿತ್ತು. ಸ್ನಾಯುಗಳನ್ನು ನಡೆಸುವ ನರಗಳು ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ, ನುಂಗುವುದು ಮಾತಾಡುವುದು ಇನ್ನೂ ತಕ್ಕಮಟ್ಟಿಗೆ ಇರುವವರಿಗೆ 2006ರ ಬ್ರಿಟನ್ ಅಧ್ಯಯನ ಮಧ್ಯಮ ಅಂದಾಜಿನಲ್ಲಿ 205 ದಿನ ಹೆಚ್ಚು ತೋರಿಸಿತು. ನುಂಗುವಿಕೆ ಪೂರ್ತಿ ಹೋದವರಿಗೆ ಆಯಸ್ಸು ಹೆಚ್ಚಲಿಲ್ಲ, ನರಳಾಟ ಸ್ವಲ್ಪ ಕಡಿಮೆಯಾಯಿತು. ಸ್ನಾಯು ಕಾಯಿಲೆಯವರಿಗೆ ಬೈಪ್ಯಾಪ್ ಇಲ್ಲದೆ ಬರೀ ಆಕ್ಸಿಜನ್ ಕೊಡುವುದು ಅಪಾಯ. ಆಕ್ಸಿಮೀಟರಿನ ಅಂಕಿ ಚೆನ್ನಾಗಿ ಕಾಣುತ್ತದೆ, ಉಸಿರು ಇನ್ನಷ್ಟು ಮೆಲ್ಲಗಾಗುತ್ತದೆ.

ಎರಡೂ ಬೇಕಾದಾಗ ಆಕ್ಸಿಜನ್ ಪೈಪನ್ನು ಮಷಿನ್ ಬಾಯಲ್ಲಿ ಟಿ ಆಕಾರದ ಜೋಡಣೆಯಿಂದಲೋ ಮಾಸ್ಕಿನ ರಂಧ್ರದಿಂದಲೋ ಸೇರಿಸುತ್ತಾರೆ. ಬೈಪ್ಯಾಪ್ ಮೊದಲು ಆನ್, ಆಮೇಲೆ ಆಕ್ಸಿಜನ್. ನಿಲ್ಲಿಸುವಾಗ ಆಕ್ಸಿಜನ್ ಮೊದಲು ಆಫ್. ಕ್ರಮ ತಪ್ಪಿದರೆ ಮಷಿನ್ ಒಳಗೆ ಆಕ್ಸಿಜನ್ ತುಂಬಿಕೊಂಡು ಬೆಂಕಿಗೆ ದಾರಿಯಾಗುತ್ತದೆ.

ಮಾಸ್ಕ್ ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ

ಬೈಪ್ಯಾಪ್ ಬಿಟ್ಟವರಲ್ಲಿ ಹೆಚ್ಚಿನವರು ಮಾಸ್ಕಿಗೆ ಸೋತು ಬಿಟ್ಟವರು. ಅಳತೆಯನ್ನು ಮಲಗಿಸಿ, ಮಷಿನ್ ಓಡಿಸಿ ನೋಡಬೇಕು. ಅಂಗಡಿಯಲ್ಲಿ ನಿಂತು ನೋಡಿದ್ದು ಸಾಲದು. ಹಲ್ಲುಸೆಟ್ ರಾತ್ರಿ ತೆಗೆಯುವವರಾದರೆ ತೆಗೆದೇ ನೋಡಿ, ಕೆನ್ನೆ ಒಳಗೆ ಹೋಗಿ ಅಳತೆಯೇ ಬದಲಾಗುತ್ತದೆ. ದಪ್ಪ ಮೀಸೆ, ಗಡ್ಡ ಇದ್ದಲ್ಲಿ ಸೋರುತ್ತದೆ. ಸೋರಿಕೆ ನಿಲ್ಲಿಸಲು ಪಟ್ಟಿ ಬಿಗಿಯುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಮೂಗಿನ ಮೇಲೆ ಹುಣ್ಣಾಗುತ್ತದೆ, ಒಂದು ವಾರದಲ್ಲಿ ಮಾಸ್ಕ್ ಮೂಲೆ ಸೇರುತ್ತದೆ. ಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಚರ್ಮ ಕೆಂಪಾದ ದಿನವೇ ಹೈಡ್ರೋಕೊಲಾಯ್ಡ್ ಪಟ್ಟಿ (ಚರ್ಮ ಕಾಯುವ ಮೆತ್ತನೆಯ ಅಂಟುಪಟ್ಟಿ) ಅಂಟಿಸಿ, ಸಾಧ್ಯವಿದ್ದರೆ ಬೇರೆ ಆಕಾರದ ಮಾಸ್ಕ್ ಜೊತೆ ಅದಲುಬದಲು ಮಾಡಿ.

ಮಾಸ್ಕ್ ಬದಲಿಸುವಾಗ ಒಂದು ಎಚ್ಚರ. ಒಂದೇ ಪೈಪಿನ ಮಷಿನ್‌ಗೆ ಸಣ್ಣ ಗಾಳಿಕಿಂಡಿ ಇರುವ ಮಾಸ್ಕೇ ಬೇಕು. ಆಸ್ಪತ್ರೆಯ ದೊಡ್ಡ ವೆಂಟಿಲೇಟರಿಗೆ ಹಾಕುವ ಕಿಂಡಿ ಇಲ್ಲದ ಮಾಸ್ಕ್ ಹಾಕಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆಯುತ್ತಾರೆ. ಕಿಂಡಿಯಿಂದ ಸುಯ್ ಎಂದು ಗಾಳಿ ಬರುವುದು ಸೋರಿಕೆ ಎಂದು ಟೇಪ್ ಸುತ್ತುವವರೂ ಇದ್ದಾರೆ. ಅದನ್ನು ಮುಚ್ಚಲೇಬಾರದು.

ರೂಢಿ ಹಗಲಲ್ಲಿ ಆಗಲಿ. ಮೊದಲೆರಡು ದಿನ ಟಿವಿ ನೋಡುತ್ತ ಅರ್ಧ ಗಂಟೆ, ಆಮೇಲೆ ಮಧ್ಯಾಹ್ನದ ನಿದ್ದೆ, ಆಮೇಲೆ ರಾತ್ರಿ. ಗುರಿ ದಿನಕ್ಕೆ ಐದಾರು ಗಂಟೆಯ ಮೇಲೆ. ಹೊಟ್ಟೆ ಉಬ್ಬುವುದು ಸಾಮಾನ್ಯ: ಊಟ ಮುಗಿಸಿ ಒಂದೂವರೆ ಗಂಟೆ ಬಿಟ್ಟು ಹಾಕಿ, ತಲೆದಿಂಬಿನ ಕಡೆ ಎತ್ತರ ಮಾಡಿ. ವಾಂತಿ ಬರುವಂತಿದ್ದರೆ, ಅಥವಾ ತಾವೇ ಮಾಸ್ಕ್ ಕಿತ್ತುಕೊಳ್ಳಲಾರದಷ್ಟು ಕೈ ಸೋತಿದ್ದರೆ ಪಕ್ಕದಲ್ಲಿ ಒಬ್ಬರು ಮಲಗಿರಬೇಕು.

ಕರೆಂಟಿನ ವಿಷಯದಲ್ಲಿ ಬೈಪ್ಯಾಪ್ ಸೌಮ್ಯ. ಬಿಸಿ ಹ್ಯುಮಿಡಿಫೈಯರ್ ಸೇರಿ ತಿಂಗಳಿಗೆ 20 ಯೂನಿಟ್ ಆಸುಪಾಸು. ಕರೆಂಟ್ ಹೋದಾಗ ಹ್ಯುಮಿಡಿಫೈಯರ್ ಆಫ್ ಮಾಡಿದರೆ 30 ವ್ಯಾಟಿಗೆ ಇಳಿದು, ಮನೆಯ ಯುಪಿಎಸ್‌ನಲ್ಲೇ ರಾತ್ರಿ ಕಳೆಯುತ್ತದೆ.

ಉಳಿದ ಆಯ್ಕೆಗಳು

ಸಿಪ್ಯಾಪ್ ಒಂದೇ ಒತ್ತಡದ್ದು, ಅಗ್ಗ. ಸಿಒಪಿಡಿಯ ಕಾರ್ಬನ್ ಡೈಆಕ್ಸೈಡಿಗೆ ಅದು ಪರ್ಯಾಯವಲ್ಲ. ಆದರೆ ಬಹಳ ದಪ್ಪ ಇದ್ದು, ಜೋರು ಗೊರಕೆಯ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೀವ್ರ ಸ್ಲೀಪ್ ಆ್ಯಪ್ನಿಯಾ ಇರುವವರಿಗೆ ಸ್ಪೇನಿನಲ್ಲಿ ಐದು ವರ್ಷದ ಮೇಲೆ ಗಮನಿಸಿ 2019ರಲ್ಲಿ ಹೇಳಿದ್ದು: ಸ್ಥಿಮಿತದಲ್ಲಿರುವಾಗ ಸಿಪ್ಯಾಪ್, ಬೈಪ್ಯಾಪ್ ಎರಡರ ಫಲವೂ ಹತ್ತಿರ ಹತ್ತಿರ ಒಂದೇ. ಇವರು ದುಬಾರಿ ಮಷಿನ್ ಕೊಳ್ಳುವ ಮುಂಚೆ ನಿದ್ದೆ ಪರೀಕ್ಷೆ ಮಾಡಿಸಿದರೆ ಹಣ ಉಳಿಯುತ್ತದೆ.

ಮೂಗಿನಿಂದ ಬಿಸಿ ತೇವದ ಗಾಳಿಯನ್ನು ರಭಸವಾಗಿ ಬಿಡುವ ಹೈ ಫ್ಲೋ ಮಷಿನ್ ಮನೆಗೂ ಬರುತ್ತಿದೆ. ಜಪಾನಿನ 2022ರ ಅಧ್ಯಯನದಲ್ಲಿ ಕಾಯಿಲೆ ಕೆರಳುವುದು ಕಡಿಮೆಯಾಯಿತು. ಮಾಸ್ಕ್ ಎಷ್ಟು ಮಾಡಿದರೂ ಒಗ್ಗದವರು ಕೇಳಿ ನೋಡಬಹುದು. ಕರೆಂಟೂ ಡಿಸ್ಟಿಲ್ಡ್ ವಾಟರೂ ಹೆಚ್ಚು ನುಂಗುತ್ತದೆ.

ಕುತ್ತಿಗೆಗೆ ಟ್ಯೂಬ್ ಹಾಕಿ ವೆಂಟಿಲೇಟರ್ ಮನೆಗೆ ತರುವುದು ಬೇರೆಯೇ ಲೋಕ. ಆಯಸ್ಸು ವರ್ಷಗಟ್ಟಲೆ ಹೆಚ್ಚಬಹುದು. ಬದಲಿಗೆ ಹಗಲೂ ರಾತ್ರಿ ಎಚ್ಚರ ಇರುವ, ಕಫ ಎಳೆಯಲು ಕಲಿತ ಕನಿಷ್ಠ ಇಬ್ಬರು, ಎರಡು ಸಕ್ಷನ್ ಮಷಿನ್ (ಅದರಲ್ಲೊಂದು ಕಾಲಲ್ಲಿ ಒತ್ತುವುದು), ಅದೇ ಅಳತೆಯ ಒಂದು ಮತ್ತು ಒಂದು ಅಳತೆ ಸಣ್ಣ ಇನ್ನೊಂದು ಟ್ಯೂಬ್, ಮಂಚದ ತಲೆಗೆ ನೇತುಹಾಕಿದ ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ), ಟ್ಯೂಬಿನ ಸುತ್ತಲಿನ ಬಲೂನಿನ (ಕಫ್) ಒತ್ತಡ 20ರಿಂದ 30ರೊಳಗೆ ನೋಡುವ ಗೇಜು ಬೇಕು. ಇದನ್ನು ಐಸಿಯು ಬಾಗಿಲಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನಿಸುವಂತೆ ಆಗಬಾರದು. ಮೋಟಾರ್ ನ್ಯೂರಾನ್ ಕಾಯಿಲೆ ಇರುವ ಮನೆಯಲ್ಲಿ ರೋಗಿ ಮಾತಾಡಬಲ್ಲ ದಿನಗಳಲ್ಲೇ ಬೇಕೋ ಬೇಡವೋ ಎಂದು ಅವರ ಬಾಯಿಂದಲೇ ಕೇಳಿಟ್ಟುಕೊಳ್ಳಿ. ಬೇಡ ಅನ್ನುವುದೂ ಒಂದು ಸರಿಯಾದ ಉತ್ತರವೇ. ಆಗಲೂ ಏದುಸಿರಿನ ಸಂಕಟಕ್ಕೆ ಔಷಧಿ ಉಂಟು.

ಅಂಗಡಿಯವರನ್ನು ಕೇಳಬೇಕಾದ್ದು, ಆಸ್ಪತ್ರೆಗೆ ಒಯ್ಯಬೇಕಾದ್ದು

ಬಾಡಿಗೆಯ ಚೀಟಿಯಲ್ಲಿ ಇವು ಬರೆಸಿಕೊಳ್ಳಿ: ಕೆಟ್ಟರೆ ಎಷ್ಟು ಗಂಟೆಯೊಳಗೆ ಬದಲಿ ಮಷಿನ್, ಭಾನುವಾರ ಯಾರು ಫೋನ್ ಎತ್ತುತ್ತಾರೆ, ಡಿಪಾಸಿಟ್ ಯಾವಾಗ ವಾಪಸ್, ಎಷ್ಟು ಗಂಟೆ ಓಡಿದ ಮಷಿನ್ ಕೊಡುತ್ತಿದ್ದಾರೆ. ಮಷಿನ್ ಬೆನ್ನಿಗೆ ಗಂಟೆಯ ಮೀಟರ್ ಇರುತ್ತದೆ, ನೋಡಿ. ಬೆಂಗಳೂರಿನಿಂದ ಅಗ್ಗಕ್ಕೆ ತರಿಸಿದ್ದು ಕೆಟ್ಟರೆ ಚಳ್ಳಕೆರೆಗೆ ಮೆಕ್ಯಾನಿಕ್ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ. ಬೈಪ್ಯಾಪ್ ಆದರೆ ದಿನದ ಬಳಕೆ, ಸೋರಿಕೆ, ಉಸಿರಿನ ಸಂಖ್ಯೆ ದಾಖಲಿಸುವ ಕಾರ್ಡ್ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹೊಸ ಗೊಂದಲ, ಎಬ್ಬಿಸಲಾಗದ ನಿದ್ದೆ, ತುಟಿ ನೀಲಿ, ಹೇಳಿದ ಲೀಟರಿನಲ್ಲೂ 85ರ ಕೆಳಗೆ ನಿಲ್ಲುವ ಆಕ್ಸಿಮೀಟರ್, ಹಸಿರು ಕಫದ ಜೊತೆ ಜ್ವರ ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಹೋಗುವಾಗ ಹಿಂದಿನ ಎಬಿಜಿ ಕಾಗದ, ಬೈಪ್ಯಾಪ್, ಅದರ ಕಾರ್ಡ್, ಮಾಸ್ಕ್ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ ಮಾಸ್ಕ್ ಇದ್ದೇ ಇರುತ್ತದೆ, ನಿಮ್ಮವರ ಮುಖಕ್ಕೆ ಒಗ್ಗಿದ್ದು ಇರುವುದಿಲ್ಲ. ಆಂಬುಲೆನ್ಸಿನವರಿಗೆ ಮೊದಲ ಮಾತೇ ಇದು: "ಇವರಿಗೆ ಕಾರ್ಬನ್ ಡೈಆಕ್ಸೈಡ್ ನಿಲ್ಲುತ್ತದೆ, 88ರಿಂದ 92ರೊಳಗೆ ಇಡಿ."